ಕೈಯಿಂದ ಕೈಗೆ ದಾಟಿದ ಕಚೇರಿಗಳು

ಯಕ್ಷಗಾನದ ಹುಚ್ಚಿರುವ ಮೂವತ್ತರ ಹರೆಯದ ಯಾರನ್ನಾದರೂ ಕೇಳಿ ನೋಡಿ, ಕಾಳಿಂಗ ನಾವಡರ ಪದ ಕೇಳಿದ್ದೀರಾ ಅಂತ. "ಕೇಳದೆ ಉಂಟೇ!" ಎನ್ನುತ್ತಾರೆ. ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ಆಗ ಅವರ ವಯಸ್ಸು ಮೂವತ್ತೆರಡರ ಆಸುಪಾಸು. ಅಂದರೆ ಈ ಅಭಿಮಾನಿ ಹುಟ್ಟುವ ಹೊತ್ತಿಗೆ ಭಾಗವತರೇ ಇರಲಿಲ್ಲ. ಆದರೂ ಆ ಕಂಠ ಅವನಿಗೆ ಸ್ವಂತ ಅಜ್ಜನ ದನಿಯಷ್ಟು ಪರಿಚಿತ. ನಾಲ್ಕು ಸಾಲು ಕೇಳಿಸಿದರೆ ಸಾಕು, ಇದು ನಾವಡರೇ ಎಂದು ಹೇಳಿಬಿಡುತ್ತಾನೆ.

ಇದು ಹೇಗೆ ಸಾಧ್ಯವಾಯಿತು? ಕಂಪನಿಗಳು ಹೊರತಂದ ಕ್ಯಾಸೆಟ್ಟುಗಳಿಗೂ ಇದರಲ್ಲಿ ಪಾಲಿದೆ, ಇಲ್ಲವೆನ್ನುವುದಿಲ್ಲ. ಇನ್ನೊಂದು ಪಾಲು ಆಟದ ಬಯಲಿನಲ್ಲಿ ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ನಿದ್ದೆಗೆಟ್ಟ ಅಭಿಮಾನಿಗಳದ್ದು. ಅವರು ಮುದ್ರಿಸಿದ್ದನ್ನು ಪಕ್ಕದ ಮನೆಯವರು ನಕಲು ಮಾಡಿಕೊಂಡರು, ಅದರ ನಕಲು ಮುಂಬೈಗೆ ಹೋಯಿತು, ಅದರ ನಕಲು ವಿಮಾನ ಹತ್ತಿ ಗಲ್ಫಿಗೆ ಬಂತು. ಮುಂದೆ ಅದೇ ನಕಲು ಸಿ.ಡಿ. ಆಯಿತು, ಎಂಪಿ3 ಆಯಿತು, ಅಂತರ್ಜಾಲ ಸೇರಿತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಈ ಹಂಚಿಕೆಯ ಚರಿತ್ರೆಯನ್ನು. ಜೊತೆಗೆ ಒಂದು ಆತಂಕವನ್ನೂ ಹೇಳಬೇಕಿದೆ. ಹಂಚಿದವರಿಂದಾಗಿ ದನಿ ಉಳಿಯಿತು, ನಿಜ. ಆದರೆ ಹಂಚುವ ಭರದಲ್ಲಿ ಹಣೆಪಟ್ಟಿ ಉದುರಿಹೋಯಿತು. ಯಾವ ಊರು, ಯಾವ ದಿನ, ಮದ್ದಳೆಯಲ್ಲಿ ಯಾರು, ಮುದ್ರಿಸಿದವರು ಯಾರು ಎಂಬುದು ಎಷ್ಟೋ ಸುರುಳಿಗಳ ಮೇಲೆ ಇಲ್ಲ. ಅದನ್ನು ಹೇಳಬಲ್ಲವರಿಗೆ ಈಗ ಎಪ್ಪತ್ತು ದಾಟಿದೆ.

ಹೆಸರು ಹೇಳಿಕೊಂಡ ಹಾಡುಗಾತಿ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಚೇರಿ ನಡೆಯುತ್ತಿರುವಾಗಲೇ ಅದನ್ನು ಹಿಡಿದಿಡುವ ಚಟಕ್ಕೆ ನೂರು ವರ್ಷ ಮೀರಿದ ವಯಸ್ಸಿದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದ ಗ್ರಂಥಪಾಲಕ ಲಯೊನೆಲ್ ಮೇಪಲ್ಸನ್ ಎಂಬಾತ ಎಡಿಸನ್ನನ ಫೋನೋಗ್ರಾಫ್ ಒಂದನ್ನು ಕೊಂಡು, 1901ರಿಂದ 1903ರವರೆಗೆ ಅಲ್ಲಿನ ಪ್ರದರ್ಶನಗಳ ತುಣುಕುಗಳನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿದ. ಒಂದು ಉರುಳೆಗೆ ಎರಡು ನಿಮಿಷದಷ್ಟೇ ಜಾಗ. ಅರ್ಧ ಗಾಯನ, ಅರ್ಧ ಗರಗರ ಸದ್ದು. ಆದರೂ ಜ್ಯಾನ್ ಡಿ ರೆಸ್ಕೆ ಎಂಬ ಆ ಕಾಲದ ಮಹಾಗಾಯಕನ ದನಿ ಇಂದಿಗೆ ಉಳಿದಿರುವುದು ಆ ಉರುಳೆಗಳಲ್ಲಿ ಮಾತ್ರ. ಸಂಗೀತಪ್ರೇಮಿಯೊಬ್ಬನ ಖಾಸಗಿ ಚಟ ಕಂಪನಿಗಳ ಕೈಯಲ್ಲಾಗದ್ದನ್ನು ಮಾಡಿತು.

ನಮ್ಮಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿಳಿದದ್ದು 1902ರಲ್ಲಿ. ಅವನು ಮುದ್ರಿಸಿಕೊಂಡವರಲ್ಲಿ ಬಹಳ ಹೆಸರಾದವಳು ಗೌಹರ್ ಜಾನ್. ಮೂರು ನಿಮಿಷದೊಳಗೆ ರಾಗವನ್ನು ಹಿಡಿಸಿ, ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಬಿಡುತ್ತಿದ್ದಳು. ಅದಕ್ಕೊಂದು ಕಾರಣವಿತ್ತು. ತಟ್ಟೆಗಳನ್ನು ಅಚ್ಚುಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯೂ ತಿಳಿಯದು, ಹಾಡಿದವರು ಯಾರೆಂದೂ ತಿಳಿಯದು. ಹೆಸರು ದನಿಯೊಳಗೇ ಇದ್ದರೆ ಹಣೆಪಟ್ಟಿ ತಪ್ಪುವುದಿಲ್ಲ. ಈ ಗೌಹರ್ ಜಾನ್ ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅವಳ ತಟ್ಟೆ ಇಂದು ಯಾರ ಕೈಗೆ ಸಿಕ್ಕರೂ, ಹೊರಗಿನ ಕಾಗದ ಹರಿದುಹೋಗಿದ್ದರೂ, ಯಾರದ್ದೆಂದು ತಿಳಿಯುತ್ತದೆ. ನಮ್ಮ ಮನೆಗಳ ಕ್ಯಾಸೆಟ್ಟುಗಳಿಗೆ ಈ ಭಾಗ್ಯವಿಲ್ಲ.

ಮೂರು ನಿಮಿಷ, ಮೂರು ಗಂಟೆ

ಮೂರು ನಿಮಿಷದ ತಟ್ಟೆಯಲ್ಲಿ ಕೃತಿ ಹಿಡಿಸಬಹುದು, ಕಚೇರಿ ಹಿಡಿಸದು. ಬೆಂಗಳೂರಿನ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳನ್ನು ಕೋಟೆ ಹೈಸ್ಕೂಲು ಮೈದಾನದಲ್ಲಿ ಕೂತು ಕೇಳಿದವರಿಗೆ ಗೊತ್ತು. ಆಲಾಪನೆ, ನೆರವಲ್, ತನಿ ಆವರ್ತನ, ಕೊನೆಯ ದೇವರನಾಮಗಳೆಲ್ಲ ಸೇರಿ ಗಂಟೆಗಟ್ಟಲೆ ಬೆಳೆಯುವ ಸಂಗೀತ ಅದು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಆಪ್ತರ ಬೈಠಕ್ಕಿನಲ್ಲಿ ಅಪರೂಪದ ರಾಗವೊಂದನ್ನು ಎತ್ತಿಕೊಂಡಾಗಲೂ ಹಾಗೆಯೇ. ಎಲ್‌ಪಿ ತಟ್ಟೆ ಬಂದ ಮೇಲೂ ಒಂದು ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷವಷ್ಟೇ.

ನಾವೀಗ ಬದುಕುತ್ತಿರುವ ಅರಬ್ಬರ ನಾಡಿನಲ್ಲಿ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಕೈರೋ ರೇಡಿಯೋ 1934ರಲ್ಲಿ ಆರಂಭವಾದ ಮೇಲೆ, ಉಮ್ ಕುಲ್ಸುಮ್ ಹಾಡುತ್ತಿದ್ದ ಗುರುವಾರದ ರಾತ್ರಿಯ ಕಚೇರಿಗಳು ಹತ್ತಾರು ವರ್ಷ ನೇರಪ್ರಸಾರವಾದವು. ಒಂದೇ ಹಾಡು ಒಂದು ಗಂಟೆಗೂ ಮೀರಿ ಹರಿಯುತ್ತಿತ್ತು. ಕೇಳುಗರ ಹಾಹಾಕಾರಕ್ಕೆ ತಕ್ಕಂತೆ ಒಂದೇ ಸಾಲು ಬಗೆಬಗೆಯಾಗಿ ಮರಳುತ್ತಿತ್ತು. ಆಕೆ 1975ರಲ್ಲಿ ಹೋದರೂ ಕಚೇರಿಗಳು ಹೋಗಲಿಲ್ಲ. ಒಂದೇ ಹಾಡಿನ ಬೇರೆ ಬೇರೆ ರಾತ್ರಿಗಳನ್ನು ಹೋಲಿಸಿ ವಾದಿಸುವ ರಸಿಕರು ಇಂದಿಗೂ ಇದ್ದಾರೆ. ಅವರು ಹಾಗೆ ವಾದಿಸಬೇಕಾದರೆ ಯಾವ ಮುದ್ರಣ ಯಾವ ರಾತ್ರಿಯದ್ದು ಎಂದು ಗೊತ್ತಿರಬೇಕು.

ಗಲ್ಫಿನಿಂದ ಹೋದ ಪೆಟ್ಟಿಗೆ

ಸ್ಪೂಲ್ ಟೇಪಿನ ಕಾಲದಲ್ಲಿ ಕಚೇರಿ ಮುದ್ರಿಸುವುದು ಆಕಾಶವಾಣಿಗೂ ಕೆಲವೇ ಉಳ್ಳವರಿಗೂ ಸಾಧ್ಯವಿದ್ದ ಕೆಲಸ. ಫಿಲಿಪ್ಸ್ ಕಂಪನಿ 1963ರಲ್ಲಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದಿತು. ಆದರೂ ನಮ್ಮೂರಿನ ಮನೆಮನೆಗೆ ಅದು ಬಂದದ್ದು ಹತ್ತು ಹದಿನೈದು ವರ್ಷ ತಡವಾಗಿ, ಬಂದದ್ದೂ ಗಲ್ಫಿನ ದಾರಿಯಲ್ಲಿ. 1973ರ ತೈಲದ ಬೆಲೆಯೇರಿಕೆಯ ನಂತರ ಇಲ್ಲಿಗೆ ದುಡಿಯಲು ಬಂದವರು ರಜೆಗೆ ಹೋಗುವಾಗ ಹೆಗಲಿಗೇರಿಸಿಕೊಂಡು ಹೋದದ್ದು ಜಪಾನಿನ ಟೂ-ಇನ್-ಒನ್. ಭಾರತದ ಕ್ಯಾಸೆಟ್ ಸಂಸ್ಕೃತಿಯ ಬಗ್ಗೆ 1993ರಲ್ಲಿ ಪುಸ್ತಕ ಬರೆದ ಪೀಟರ್ ಮ್ಯಾನುಯೆಲ್ ಎಂಬ ಸಂಗೀತಶಾಸ್ತ್ರಜ್ಞನೂ ಗಲ್ಫಿನಿಂದ ಮರಳಿದವರ ಈ ಪೆಟ್ಟಿಗೆಗಳನ್ನು ಗುರುತಿಸಿದ್ದಾನೆ. ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಹಿರಿಯರನ್ನು ಕೇಳಿದರೆ ಸಾಕು, ಪುಸ್ತಕ ತೆರೆಯದೆಯೇ ಇದನ್ನು ಹೇಳುತ್ತಾರೆ.

ಊರಿನಲ್ಲಿ ಆ ಪೆಟ್ಟಿಗೆ ಮಾಡಿದ ಕೆಲಸ ಎರಡು. ಮದುವೆ ಮನೆಯಲ್ಲಿ ಸಿನಿಮಾ ಹಾಡು ಹಾಕಿತು. ಮೇಳದ ಆಟ ಊರಿಗೆ ಬಂದಾಗ ಹಿಮ್ಮೇಳದ ಹತ್ತಿರ ಹೋಗಿ ಕೂತಿತು. ಸಿ-90 ಕ್ಯಾಸೆಟ್ಟಿಗೆ ಮಗ್ಗುಲೊಂದಕ್ಕೆ 45 ನಿಮಿಷ. ಇಡೀ ರಾತ್ರಿಯ ಆಟಕ್ಕೆ ಆರೇಳು ಕ್ಯಾಸೆಟ್ಟು ಬೇಕು. ದುಡ್ಡು ಸಾಲದವರು ತಮಗೆ ಬೇಕಾದ ಪದಗಳನ್ನಷ್ಟೇ ಹಿಡಿದರು. ಮಗ್ಗುಲು ಬದಲಿಸುವ ಅರ್ಧ ನಿಮಿಷದಲ್ಲಿ ಎಂಥೆಂಥ ಏರುಪದಗಳು ಕಳೆದುಹೋದವೋ! ಆಮೇಲೆ ವಿನಿಮಯ ಶುರು. "ನಿನ್ನಲ್ಲಿ ನಾವಡರದ್ದು ಇದ್ದರೆ ಕೊಡು, ನನ್ನಲ್ಲಿ ಬಲಿಪರದ್ದು ಉಂಟು" ಎನ್ನುವ ಬಗೆಯ ಕೊಡುಕೊಳು. ಪೆಟ್ಟಿಗೆ ಇಲ್ಲಿಂದ ಹೋಯಿತು, ದನಿ ತುಂಬಿಕೊಂಡ ಕ್ಯಾಸೆಟ್ಟು ಇಲ್ಲಿಗೇ ಮರಳಿತು. ನಜ್ಮಾ, ಮನ್ಸೂರಾಗಳ ಬ್ಯಾಚುಲರ್ ಕೋಣೆಗಳಲ್ಲಿ ಶುಕ್ರವಾರದ ಬೆಳಿಗ್ಗೆ ಅವು ಹಾಡಿದವು.

ಕೈಬರಹವಿಲ್ಲದ ಗ್ರಂಥ

ತಾಳಮದ್ದಳೆಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ, ಕೃಷ್ಣನಾಗಿ, ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಗದ್ಯದಲ್ಲಿ ವಾದಿಸುತ್ತಾರೆ. ಪಾರ್ತಿಸುಬ್ಬನ ಪದ್ಯ ಅಚ್ಚಾಗಿ ಸಿಗುತ್ತದೆ. ಆ ಪದ್ಯದ ಮೇಲೆ ಕಟ್ಟಿದ ಮಾತಿನ ಮಂಟಪ ಬೆಳಗಾಗುವುದರೊಳಗೆ ಗಾಳಿಯಲ್ಲಿ ಕರಗಿಹೋಗುತ್ತದೆ.

ದೇರಾಜೆ ಸೀತಾರಾಮಯ್ಯನವರು ತೀರಿಕೊಂಡದ್ದು 1984ರಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ. ಇಪ್ಪತ್ತನೆಯ ಶತಮಾನದ ಕನ್ನಡ ಗದ್ಯದ ಚರಿತ್ರೆ ಬರೆಯುವವರು ಕಾದಂಬರಿ, ಪ್ರಬಂಧಗಳ ಜೊತೆಗೆ ಇವರ ಅರ್ಥಗಾರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ನಂಬಿಕೆ. ಹಿಡಿಯಬೇಕೆಂದರೆ ಪಠ್ಯ ಎಲ್ಲಿದೆ? ಅಭಿಮಾನಿಯ ಕ್ಯಾಸೆಟ್ಟಿನಲ್ಲಿದೆ. ಅದೇ ಇಲ್ಲಿ ತಾಳೆಗರಿ. ಒಬ್ಬನೇ ಕಲಾವಿದ ಒಂದೇ ಪಾತ್ರವನ್ನು ಹತ್ತು ವರ್ಷದ ಅಂತರದಲ್ಲಿ ಹೇಗೆ ಬದಲಾಯಿಸಿಕೊಂಡ, ಎದುರಾಳಿ ಬದಲಾದಾಗ ವಾದ ಹೇಗೆ ತಿರುಗಿತು ಎಂಬುದನ್ನೆಲ್ಲ ಹೇಳಬೇಕಾದರೆ ದಿನಾಂಕ ಬೇಕು. ಆದರೆ ಕ್ಯಾಸೆಟ್ಟಿನ ಬೆನ್ನ ಮೇಲೆ ಬರೆದಿರುವುದು "ಶೇಣಿ, ವಾಲಿ, ಭಾಗ 2" ಎಂದಷ್ಟೇ. ಬರೆದವನಿಗೆ ಅಷ್ಟು ಸಾಕಿತ್ತು, ಏಕೆಂದರೆ ಉಳಿದದ್ದು ಅವನ ತಲೆಯಲ್ಲಿತ್ತು. ನಕಲು ಮಾಡಿಕೊಂಡವನ ತಲೆಗೆ ಅದು ದಾಟಲಿಲ್ಲ.

ಮಾರಬೇಡಿ, ಹಂಚಿ

ಹಣೆಪಟ್ಟಿಯ ಶಿಸ್ತನ್ನು ಗಟ್ಟಿಯಾಗಿ ಕಟ್ಟಿದವರು, ಆಶ್ಚರ್ಯವೆನಿಸಬಹುದು, ಅಮೆರಿಕದ ಉದ್ದಕೂದಲ ರಾಕ್ ಅಭಿಮಾನಿಗಳು. ಗ್ರೇಟ್‌ಫುಲ್ ಡೆಡ್ ಎಂಬ ತಂಡ ಯಾವ ರಾತ್ರಿಯೂ ಹಿಂದಿನ ರಾತ್ರಿಯಂತೆ ನುಡಿಸುತ್ತಿರಲಿಲ್ಲ. ಹಾಗಾಗಿ ಅಭಿಮಾನಿಗಳಿಗೆ ಪ್ರತಿ ರಾತ್ರಿಯೂ ಬೇಕಿತ್ತು. 1984ರ ಅಕ್ಟೋಬರಿನಲ್ಲಿ ತಂಡವೇ ಸಭಾಂಗಣದಲ್ಲಿ ಮುದ್ರಿಸುವವರಿಗೆಂದು ಪ್ರತ್ಯೇಕ ಜಾಗ ಮಾಡಿಕೊಟ್ಟಿತು. ಷರತ್ತು ಒಂದೇ, ಮಾರಬಾರದು. ಈ ವಿನಿಮಯದಲ್ಲಿ ಹೆಸರಾದ ಡಿಕ್ ಲಟ್ವಾಲಾ ಎಂಬ ಸಂಗ್ರಾಹಕನನ್ನು ತಂಡ ಮುಂದೆ ತನ್ನ ಧ್ವನಿಭಂಡಾರದ ಪಾಲಕನನ್ನಾಗಿಯೇ ಮಾಡಿಕೊಂಡಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತಂಡ ನುಡಿಸಿದ ಕಚೇರಿಯ ಮುದ್ರಣ ಅಭಿಮಾನಿಗಳ ನಡುವೆ ಕೈಯಿಂದ ಕೈಗೆ ದಾಟಿ ದಾಟಿ ಎಷ್ಟು ಪ್ರಸಿದ್ಧವಾಯಿತೆಂದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಕ್ಯಾಸೆಟ್ಟಿನಲ್ಲಿ ಪ್ರತಿ ನಕಲಿಗೂ ಸುಯ್ಯೆನ್ನುವ ಸದ್ದು ಒಂದು ಪದರ ಹೆಚ್ಚುತ್ತದೆ. ಐದನೆಯ ತಲೆಮಾರಿನ ನಕಲೆಂದರೆ ಮಳೆಯಲ್ಲಿ ನಿಂತು ಕೇಳಿದ ಹಾಗೆ. ಗಣಕದ ಕಡತಕ್ಕೆ ಈ ರೋಗವಿಲ್ಲ. 1998ರಲ್ಲಿ ಹುಟ್ಟಿದ ಇ-ಟ್ರೀ ಎಂಬ ಅಭಿಮಾನಿಗಳ ಕೂಟ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿತು. ದನಿಯ ಒಂದಂಶವೂ ಕಳೆಯದ ಸಂಕೋಚನ ಬಳಸಬೇಕು. ಎಂಪಿ3 ಮಾಡಿ ಮತ್ತೆ ಅದನ್ನೇ ಸಿ.ಡಿ. ಮಾಡಿ ಹಂಚಬಾರದು. ಪ್ರತಿ ಕಚೇರಿಯ ಜೊತೆ ಒಂದು ಪಠ್ಯ ಕಡತ ಇರಬೇಕು, ಅದರಲ್ಲಿ ದಿನಾಂಕ, ಸ್ಥಳ, ಯಾವ ಮೈಕು, ಯಾರು ಮುದ್ರಿಸಿದ್ದು, ಅಲ್ಲಿಂದ ಯಾವ ಯಾವ ಯಂತ್ರ ದಾಟಿ ಬಂತು ಎಂಬ ವಂಶಾವಳಿ ಇರಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಂಡಿ5 ಎಂಬ ಲೆಕ್ಕದ ಮುದ್ರೆಯೊತ್ತಿದರು. ಕಡತದ ಒಂದು ಬಿಟ್ ಬದಲಾದರೂ ಈ ಮುದ್ರೆ ಹೊಂದುವುದಿಲ್ಲ. ಕಚೇರಿ ಕೆಲಸದಲ್ಲಿ ನಿತ್ಯ ಬಳಸುವ ಈ ಉಪಾಯವನ್ನು ಸಂಗೀತಪ್ರೇಮಿಗಳು ಯಾರ ಒತ್ತಾಯವೂ ಇಲ್ಲದೆ ತಮ್ಮ ಧರ್ಮವಾಗಿ ಮಾಡಿಕೊಂಡರಲ್ಲ ಎಂದು ನನಗೆ ಈಗಲೂ ಬೆರಗು. 2002ರಲ್ಲಿ ಈ ಕೂಟ ಇಂಟರ್‌ನೆಟ್ ಆರ್ಕೈವ್ ಜೊತೆ ಸೇರಿ ನೇರ ಕಚೇರಿಗಳ ಭಂಡಾರವನ್ನೇ ತೆರೆಯಿತು. ಅದರಲ್ಲೂ ಅನುಮತಿ ಕೊಟ್ಟ ತಂಡಗಳ ಕಚೇರಿಗಳನ್ನು ಮಾತ್ರ ಇಟ್ಟರು.

ನಮ್ಮ ಕರ್ನಾಟಕ ಸಂಗೀತದವರೂ ಸುಮ್ಮನಿರಲಿಲ್ಲ. ಸಂಗೀತಪ್ರಿಯ ಎಂಬ ಕೂಟದ ರಸಿಕರು ಹಳೆಯ ಕಚೇರಿ ಮುದ್ರಣಗಳನ್ನು ಹಂಚಿಕೊಳ್ಳುತ್ತ ಬಂದರು. ಅವರ ಮೂಲನಿಯಮ, ಅಂಗಡಿಯಲ್ಲಿ ಮಾರಾಟಕ್ಕೆ ಬಂದದ್ದನ್ನು ಹಾಕಬಾರದು. ಕೃತಿ, ರಾಗ, ಪಕ್ಕವಾದ್ಯದವರ ಹೆಸರುಗಳ ಪಟ್ಟಿಯನ್ನು ಸ್ವಯಂಸೇವಕರೇ ಬರೆದರು.

ಇಲ್ಲಿ ದೋಹಾದಲ್ಲಿ ಕೂತವರ ಪಾಡು ಬೇರೆ. ಲೆಕ್ಕ ಹಾಕಿ ನೋಡಿ. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 1,76,400 ಬೈಟು. ಮೂರು ಗಂಟೆಯ ಕಚೇರಿಗೆ ಸುಮಾರು 1.9 ಗಿಗಾಬೈಟ್. ಅಂಶ ಕಳೆಯದಂತೆ ಅರ್ಧಕ್ಕೆ ಕುಗ್ಗಿಸಿದರೂ 56 ಕೆ ಮೋಡೆಮ್ಮಿನಲ್ಲಿ ಇಳಿಸಿಕೊಳ್ಳಲು ನಲವತ್ತು ಗಂಟೆಯ ಹತ್ತಿರ ಬೇಕು. ಅದೇ ಕಚೇರಿಯನ್ನು ಕಡಿಮೆ ದರ್ಜೆಯ ಎಂಪಿ3 ಮಾಡಿದರೆ 86 ಮೆಗಾಬೈಟ್, ಮೂರೂವರೆ ಗಂಟೆಯಲ್ಲಿ ಮುಗಿಯಿತು. ಆ ದಿನಗಳಲ್ಲಿ ಯಾರಾದರೂ ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಓಡಾಡುತ್ತಿರುವ ಎಷ್ಟೋ ಕಡತಗಳ ದನಿ ತೆಳುವಾಗಿರುವುದಕ್ಕೆ ಇದೂ ಒಂದು ಕಾರಣ. ಮೂಲ ಕ್ಯಾಸೆಟ್ಟು ಊರಿನ ಅಟ್ಟದಲ್ಲಿ ಇನ್ನೂ ಇದ್ದರೆ ಅದರ ಬೆಲೆ ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಕಲಾವಿದನ ಪಾಲು

ಇಷ್ಟೆಲ್ಲ ಹೊಗಳಿದ ಮೇಲೆ ಕಲಾವಿದರ ಮಾತನ್ನೂ ಕೇಳಬೇಕು. ಗಂಟಲು ಕೆಟ್ಟ ರಾತ್ರಿಯ ಹಾಡು ಜಗತ್ತಿಡೀ ಸುತ್ತುವುದನ್ನು ಯಾರು ಬಯಸುತ್ತಾರೆ? ಪುಕ್ಕಟೆ ಸಿಗುವಾಗ ಕ್ಯಾಸೆಟ್ಟು ಕೊಳ್ಳುವವರು ಯಾರು? ಸಭಾಂಗಣದ ಬಾಗಿಲಲ್ಲಿ "ಧ್ವನಿಮುದ್ರಣ ನಿಷೇಧಿಸಲಾಗಿದೆ" ಎಂಬ ಫಲಕ ಸುಮ್ಮನೆ ಬರಲಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ಮೊದಲು ಹಕ್ಕೇ ಇರಲಿಲ್ಲ. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ತಂದಿತು. ಮೊದಲು 25 ವರ್ಷವಿದ್ದ ಅದರ ಅವಧಿಯನ್ನು 1999ರ ತಿದ್ದುಪಡಿ 50 ವರ್ಷಕ್ಕೇರಿಸಿತು. ಮುದ್ರಿಸುವವನು ತನ್ನ ಖಾಸಗಿ ಬಳಕೆಗೆ ಮುದ್ರಿಸಿಕೊಂಡರೆ ಉಲ್ಲಂಘನೆಯಲ್ಲ ಎಂಬ ರಿಯಾಯಿತಿಯೂ ಅದರಲ್ಲಿದೆ. ಹಂಚುವುದು ಬೇರೆ ವಿಷಯ. ಕತಾರಿನಲ್ಲೂ 2002ರ 7ನೆಯ ಕಾನೂನು ಕೃತಿಸ್ವಾಮ್ಯವನ್ನೂ ಅದರ ನೆರೆಯ ಹಕ್ಕುಗಳನ್ನೂ ಕಾಪಾಡುತ್ತದೆ. ಹಾಗಾಗಿ ಕಲಾವಿದರು ಬದುಕಿದ್ದರೆ ಅವರನ್ನು, ಇಲ್ಲದಿದ್ದರೆ ಅವರ ಮನೆಯವರನ್ನು ಕೇಳಿ ಹಂಚುವುದೇ ಸರಿಯಾದ ದಾರಿ.

ಭಾರತದ 2012ರ ತಿದ್ದುಪಡಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ. ಈ ಪ್ರದರ್ಶನ ನನ್ನದು ಎಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನು ಅದು ಕಲಾವಿದನಿಗೆ ಕೊಟ್ಟಿದೆ. ಹಾಗೆಂದ ಮೇಲೆ ಹೆಸರಿಲ್ಲದ ಮದ್ದಳೆಗಾರ, ಹೆಸರಿಲ್ಲದ ಚೆಂಡೆಯವರು ಇರುವ ಪ್ರತಿ ಸುರುಳಿಯಲ್ಲೂ ಒಂದು ಸಾಲ ಬಾಕಿ ಇದೆ.

ಸುರುಳಿಯೊಳಗಿನ ಸಾಕ್ಷಿ

ಉದುರಿದ ಹಣೆಪಟ್ಟಿಯನ್ನು ಮತ್ತೆ ಅಂಟಿಸಬಹುದೇ? ಹಲವು ಬಾರಿ ಸಾಧ್ಯ. ಬಯಲಾಟದ ಮುದ್ರಣದಲ್ಲಿ ಆಟದ ಹೊರಗಿನ ಸದ್ದೂ ಇರುತ್ತದೆ. ನಾಳೆ ಯಾವ ಊರಿನಲ್ಲಿ ಯಾವ ಪ್ರಸಂಗ ಎಂಬ ಪ್ರಕಟಣೆ, ಆಡಿಸಿದವರ ಹೆಸರು, ಸನ್ಮಾನದ ಮಾತು ಇತ್ಯಾದಿ. ಮೇಳಗಳ ತಿರುಗಾಟ ನವೆಂಬರದಿಂದ ಮೇವರೆಗೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಯಾವ ತಿರುಗಾಟದಲ್ಲಿ ಯಾವ ಭಾಗವತರ ಜೊತೆ ಯಾರು ಮದ್ದಳೆಗಿದ್ದರು ಎಂದು ಬಲ್ಲವರಿದ್ದರೆ ವರ್ಷ ಅಲ್ಲಿಗೇ ಖಚಿತವಾಗುತ್ತದೆ.

ತಂತ್ರಜ್ಞಾನವೂ ಕೈಜೋಡಿಸುತ್ತದೆ. ಬ್ಯಾಟರಿ ಸೊರಗಿದ ಯಂತ್ರದಲ್ಲಿ ಮುದ್ರಿಸಿದ್ದನ್ನು ಸರಿಯಾದ ಯಂತ್ರದಲ್ಲಿ ಹಾಕಿದರೆ ಶ್ರುತಿ ಮೇಲೇರುತ್ತದೆ, ಭಾಗವತರ ದನಿ ಬಾಲಕನದ್ದಾಗುತ್ತದೆ. ಹಿನ್ನೆಲೆಯಲ್ಲಿ ಧ್ವನಿವರ್ಧಕದ ಗುಂಯ್‌ಗುಡುವಿಕೆ ಇದ್ದರೆ ಅದೇ ನಮಗೆ ಅಳತೆಗೋಲು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದು 52 ಎಂದು ಕಂಡರೆ ಸುರುಳಿ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತಿದೆ ಎಂದರ್ಥ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಮುಕ್ಕಾಲು ಮನೆಯ ಹತ್ತಿರ. ಜನರೇಟರಿನಲ್ಲಿ ನಡೆದ ಆಟವಾದರೆ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ, ಅಷ್ಟೇ.

ಆದರೆ ಸುರುಳಿಗೆ ಆಯುಸ್ಸು ಕಡಿಮೆ. ದೋಹಾದ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಕ್ಯಾಸೆಟ್ಟಿನ ಗತಿ ಎಲ್ಲರಿಗೂ ಗೊತ್ತು. ಊರಿನ ಮಳೆಗಾಲದ ಬೂಷ್ಟು ಇನ್ನೊಂದು ಶತ್ರು. ಇವತ್ತಿನ ಮೊಬೈಲು ಕಾಲವೂ ಹಣೆಪಟ್ಟಿಯ ಮಟ್ಟಿಗೆ ಸುಖವಾಗಿಲ್ಲ. ಐಸಿಸಿಯ ಅಶೋಕ ಹಾಲಿನಲ್ಲಿ ಒಂದು ಕಾರ್ಯಕ್ರಮವಾದರೆ ಹತ್ತು ಫೋನುಗಳು ಮೇಲೇಳುತ್ತವೆ. ಅದೇ ತುಣುಕು ವಾಟ್ಸಾಪಿನಲ್ಲಿ ಸುತ್ತು ಹಾಕಿ ಬಂದಾಗ ದನಿ ಕುಗ್ಗಿರುತ್ತದೆ. ಕಡತದ ಹೆಸರಿನಲ್ಲಿ ನಿಮ್ಮ ಫೋನಿಗೆ ಬಂದ ದಿನಾಂಕವಿರುತ್ತದೆಯೇ ಹೊರತು ಪ್ರದರ್ಶನದ ದಿನಾಂಕವಲ್ಲ. ಖಾಲಿ ಹಣೆಪಟ್ಟಿಗಿಂತ ತಪ್ಪು ಹಣೆಪಟ್ಟಿ ಹೆಚ್ಚು ಅಪಾಯಕಾರಿ.

ನಾವಿರುವ ಈ ನಾಡು ತನ್ನ ದನಿಗಳ ಬಗ್ಗೆ ಎಚ್ಚರವಾಗಿದೆ. 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಹಳೆಯ ದಾಖಲೆಗಳ ಜೊತೆಗೆ ಈ ಪ್ರದೇಶದ ಹಳೆಯ ಅರಗಿನ ತಟ್ಟೆಗಳ ಸಂಗೀತವೂ ಇದೆ, ಪ್ರತಿಯೊಂದಕ್ಕೂ ವಿವರವಿದೆ. ನಮ್ಮಲ್ಲೂ ಉಡುಪಿಯ ಎಂಜಿಎಂ ಕಾಲೇಜಿನ ಜನಪದ ರಂಗಕಲೆಗಳ ಕೇಂದ್ರ, 1982ರಿಂದ ಕೆಲಸ ಮಾಡುತ್ತ ಬಂದ, ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಆರ್ಕೈವ್ ಮುಂತಾದ ಸಂಸ್ಥೆಗಳು ಈ ಬಗೆಯ ಸಂಗ್ರಹಕ್ಕೆ ದುಡಿದಿವೆ. ಆದರೆ ಯಾವ ಸಂಸ್ಥೆಯೂ ನಿಮ್ಮ ಮನೆಯ ಅಟ್ಟ ಹತ್ತಿ ಬರಲಾರದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಈ ಸಲದ ರಜೆಗೆ ಊರಿಗೆ ಹೋದಾಗ ಕ್ಯಾಸೆಟ್ಟಿನ ಡಬ್ಬ ಕೆಳಗಿಳಿಸಿ. ಯಂತ್ರಕ್ಕೆ ಹಾಕುವ ಮೊದಲು, ಅದನ್ನು ಮುದ್ರಿಸಿದ ಅಪ್ಪನನ್ನೋ ಚಿಕ್ಕಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಐದು ಸಂಗತಿ ಕೇಳಿ ಬರೆದುಕೊಳ್ಳಿ: ಯಾವ ಊರು, ಯಾವ ವರ್ಷ, ಯಾವ ಮೇಳ ಅಥವಾ ಸಭೆ, ಹಿಮ್ಮೇಳದಲ್ಲಿ ಯಾರ್ಯಾರು, ಮುದ್ರಿಸಿದವರು ಯಾರು. ನೆನಪಾಗದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಿರಿ, ಊಹಿಸಿ ಬರೆಯಬೇಡಿ. ಕಡತ ಮಾಡುವಾಗ ಗೌಹರ್ ಜಾನಳ ಉಪಾಯವನ್ನೇ ಅನುಸರಿಸಿ, ಈ ವಿವರವನ್ನು ನಿಮ್ಮ ದನಿಯಲ್ಲೇ ಓದಿ ಕೊನೆಗೆ ಸೇರಿಸಿಬಿಡಿ. ಕಡತದ ಹೆಸರು ಬದಲಾದರೂ ಆ ಮಾತು ಜೊತೆಗೇ ಹೋಗುತ್ತದೆ. ಡಿಜಿಟಲ್ ಮಾಡುವುದನ್ನು ಮುಂದಿನ ವರ್ಷಕ್ಕೆ ಹಾಕಿದರೂ ನಡೆದೀತು, ಕ್ಯಾಸೆಟ್ಟು ಇನ್ನೊಂದು ವರ್ಷ ತಾಳಬಹುದು. ಚಿಕ್ಕಪ್ಪನನ್ನು ಕೇಳುವುದನ್ನು ಮಾತ್ರ ಈ ವರ್ಷವೇ ಮಾಡಿ.